ಫ್ಲ್ಯಾಟಿನೊಳಗಿನ ಕಾರ್ಖಾನೆಗೆ ಪೆಟ್ಟಿಗೆ ಕಟ್ಟುವ ಲೆಕ್ಕ

ಚೆನ್ನೈಗೆ ಯಂತ್ರದ ಸದ್ದು ಹೊಸದಲ್ಲ. ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ 1955ರಿಂದ ರೈಲು ಬೋಗಿ ಕಟ್ಟುತ್ತಿದೆ. ಗಿಂಡಿಯ ಕೈಗಾರಿಕಾ ವಸಾಹತು 1958ರದು, ಅಂಬತ್ತೂರಿನದು ಅರವತ್ತರ ದಶಕದ್ದು. ಲೇತು, ಮಿಲ್ಲಿಂಗು, ಪ್ರೆಸ್ಸುಗಳ ಈ ಊರಿನಲ್ಲಿ ಕಬ್ಬಿಣ ಕೊರೆಯುವ ಸದ್ದು ಕೇಳಿಯೇ ಹಲವು ತಲೆಮಾರು ಅನ್ನ ಉಂಡಿವೆ. ಆದರೆ ಆ ಸದ್ದಿಗೆಲ್ಲ ಒಂದು ಕಾಂಪೌಂಡಿತ್ತು. ಸೈರನ್ ಕೂಗಿದಾಗ ಒಳಗೆ ಹೋಗಿ, ಮತ್ತೊಮ್ಮೆ ಕೂಗಿದಾಗ ಹೊರಗೆ ಬಂದರೆ ಮನೆ ಮನೆಯಾಗಿಯೇ ಇರುತ್ತಿತ್ತು.

ಈಗ ಹಾಗಿಲ್ಲ. ಕಾರ್ಖಾನೆಯ ಒಂದು ಮರಿ ಫ್ಲ್ಯಾಟಿನೊಳಗೇ ಬಂದು ಕುಳಿತಿದೆ. ಹವ್ಯಾಸಿ ಸಿಎನ್‌ಸಿ ರೌಟರ್ ಎಂದರೆ ಕಂಪ್ಯೂಟರ್ ಹೇಳಿದ ಗೆರೆಯಲ್ಲಿ ಮರ, ಅಕ್ರಿಲಿಕ್, ಮೆತ್ತನೆಯ ಅಲ್ಯೂಮಿನಿಯಂ ಕೊರೆಯುವ ಪುಟ್ಟ ಯಂತ್ರ. ಮನೆಯ ನಾಮಫಲಕ, ದೇವರ ಮಂಟಪದ ಜಾಲರಿ, ರಂಗೋಲಿಯ ಅಚ್ಚು, ನವರಾತ್ರಿಗೆ ಗೊಂಬೆ ಕೂರಿಸುವ ಮೆಟ್ಟಿಲು, ಹೀಗೆ ಇದರಿಂದ ಮಾಡಬಹುದಾದದ್ದು ಬೇಕಾದಷ್ಟಿದೆ. ಚಿಕ್ಕದೊಂದನ್ನು ಮೊಬೈಲ್ ಫೋನಿನ ಬೆಲೆಗೆ ಕಿಟ್ ರೂಪದಲ್ಲಿ ತರಿಸಿಕೊಳ್ಳಬಹುದು. ಮೋಟಾರು, ಡ್ರೈವರು, ಲಿಮಿಟ್ ಸ್ವಿಚ್ಚು ಬೇಕೆಂದರೆ ಮೌಂಟ್ ರೋಡಿನ ಪಕ್ಕದ ರಿಚಿ ಸ್ಟ್ರೀಟಿಗೆ ಹೋದರಾಯಿತು. ಜೋಡಿಸಿ ಓಡಿಸಿದ ಮೊದಲ ದಿನ ಸಂಭ್ರಮವೋ ಸಂಭ್ರಮ. ಎರಡನೆಯ ದಿನ ಕೆಳಮನೆಯ ಮಾಮಿ ಬಂದು ಬೆಲ್ ಒತ್ತುತ್ತಾರೆ. ಮೂರನೆಯ ದಿನ ಮನೆಯವರು ಟಿ.ವಿ.ಯ ಮೇಲಿನ ಮರದ ಪುಡಿಯಲ್ಲಿ ಬೆರಳಿಂದ ಗೆರೆ ಎಳೆದು ತೋರಿಸುತ್ತಾರೆ. ನಾಲ್ಕನೆಯ ದಿನ ಪೆಟ್ಟಿಗೆಯ ಯೋಚನೆ ಶುರುವಾಗುತ್ತದೆ.

ಆ ಪೆಟ್ಟಿಗೆ ಎಷ್ಟು ಅಗಲ, ಎಷ್ಟು ಆಳ, ಎಷ್ಟು ಎತ್ತರ ಇರಬೇಕು? ಸುಲಭದ ಪ್ರಶ್ನೆಯಂತೆ ಕಾಣುತ್ತದೆ. ಯಂತ್ರ ಅಳೆದು, ನಾಲ್ಕು ಬೆರಳು ಸೇರಿಸಿ, ಪ್ಲೈವುಡ್ ಅಂಗಡಿಗೆ ಹೋಗುವವರೇ ಹೆಚ್ಚು. ಅಂಥ ಪೆಟ್ಟಿಗೆಗಳನ್ನು ಬೇಗನೆ ಬಿಚ್ಚಬೇಕಾಗಿ ಬರುವುದುಂಟು. ಏಕೆಂದರೆ ಪೆಟ್ಟಿಗೆಯ ಅಳತೆ ಹುಟ್ಟುವುದು ಯಂತ್ರದಿಂದಲ್ಲ. ಯಂತ್ರದ ಓಡಾಟ, ನಮ್ಮ ಕೈ, ಗಾಳಿಯ ದಾರಿ, ಪ್ಲೈವುಡ್ ಹಲಗೆ, ನೆರೆಮನೆಯವರ ಕಿವಿ ಈ ಐದೂ ಸೇರಿ ಅದನ್ನು ಗೊತ್ತುಮಾಡುತ್ತವೆ.

ಕೋಣೆ ತುಂಬಿದ ಯಂತ್ರ ಮೇಜಿಗೆ ಬಂದದ್ದು

ಅಂಕಿಗಳಿಂದ ಯಂತ್ರ ನಡೆಸುವ ವಿದ್ಯೆಯ ಹಿಂದೆ ಅಮೆರಿಕದ ಮಿಚಿಗನ್ ರಾಜ್ಯದ ಜಾನ್ ಪಾರ್ಸನ್ಸ್ ಇದ್ದಾರೆ. ಹೆಲಿಕಾಪ್ಟರಿನ ರೆಕ್ಕೆಗಳ ಬಾಗನ್ನು ಕರಾರುವಾಕ್ಕಾಗಿ ಕತ್ತರಿಸುವ ದಾರಿ ಹುಡುಕುತ್ತಿದ್ದ ಅವರ ಕಲ್ಪನೆಯನ್ನು ವಾಯುಪಡೆಯ ಹಣದಲ್ಲಿ ಎಂಐಟಿಯ ಪ್ರಯೋಗಾಲಯ ಕೈಗೆತ್ತಿಕೊಂಡಿತು. 1952ರಲ್ಲಿ ರಂಧ್ರಪಟ್ಟಿಯಿಂದ ಆಜ್ಞೆ ಪಡೆದು ಓಡುವ ಮಿಲ್ಲಿಂಗ್ ಯಂತ್ರ ಪ್ರದರ್ಶನಗೊಂಡಿತು. ನಿರ್ವಾತ ನಳಿಕೆಗಳಿಂದ ತುಂಬಿದ್ದ ಅದರ ನಿಯಂತ್ರಕ, ಯಂತ್ರಕ್ಕಿಂತಲೂ ಹೆಚ್ಚು ಜಾಗ ತಿನ್ನುತ್ತಿತ್ತು.

ಅದೇ ನಿಯಂತ್ರಕ ಇಂದು ಅಂಗೈಯಲ್ಲಿ ಹಿಡಿಸುತ್ತದೆ. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಬರೆದು ಮುಕ್ತವಾಗಿ ಹಂಚಿದ ‘ಜಿಆರ್‌ಬಿಎಲ್’ ಎಂಬ ತಂತ್ರಾಂಶ ಅಗ್ಗದ ಆರ್ಡುಯಿನೊ ಬೋರ್ಡಿನ ಮೇಲೆ ಓಡುತ್ತದೆ. ಹವ್ಯಾಸಿ ಯಂತ್ರಗಳ ಇಡೀ ಸಂತತಿ ಅದರ ಬೆನ್ನೇರಿ ಬಂದದ್ದು. ಆದರೆ ಕಾರ್ಖಾನೆಯ ಯಂತ್ರ ಮನೆಗೆ ಬರುವಾಗ ಒಂದನ್ನು ಅಲ್ಲೇ ಬಿಟ್ಟುಬಂತು: ಕವಚ. ಅಂಬತ್ತೂರಿನ ಶೆಡ್ಡಿಗೋ ಬೆಂಗಳೂರಿನ ಪೀಣ್ಯಕ್ಕೋ ಹೋಗಿ ನೋಡಿ, ಸಿಎನ್‌ಸಿ ಯಂತ್ರ ಉಕ್ಕಿನ ಕವಚದೊಳಗೆ ಕಿಟಕಿ ಮುಚ್ಚಿಕೊಂಡು ಕೆಲಸ ಮಾಡುತ್ತದೆ. ತಿರುಗುವ ಭಾಗಗಳಿಗೆ ಬೇಲಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ನೇ ಹೇಳಿತ್ತು. ಮನೆಯ ಮೇಜಿಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ. ಆ ಬೇಲಿಯನ್ನು ನಾವೇ ಹಾಕಿಕೊಳ್ಳಬೇಕು.

ಒಂದು ಯಂತ್ರಕ್ಕೆ ಮೂರು ಅಳತೆ

‘3018’ ಎಂದು ಮಾರಾಟವಾಗುವ ಯಂತ್ರದ ಹೆಸರಿನಲ್ಲೇ ಮೊದಲ ಗೊಂದಲವಿದೆ. 30 ಸೆಂ.ಮೀ., 18 ಸೆಂ.ಮೀ. ಎಂಬುದು ಅದು ಕೊರೆಯಬಲ್ಲ ಜಾಗ, ಅದು ಕೂರುವ ಜಾಗವಲ್ಲ. ‘6040’ ಎಂದರೂ ಅಷ್ಟೇ. ಎರಡನೆಯ ಅಳತೆ ಚೌಕಟ್ಟಿನದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಕ್ಯಾಟಲಾಗಿನಲ್ಲಿ ಬಹುಮಟ್ಟಿಗೆ ಇರುವುದೇ ಇಲ್ಲ: ಯಂತ್ರದ ಪ್ರತಿ ಅಂಗ ತನ್ನ ಕೊನೆ ಮುಟ್ಟಿದಾಗ ಒಟ್ಟಾರೆ ಎಷ್ಟು ಜಾಗ ಸವರುತ್ತದೆ ಎಂಬುದು. ಪಕ್ಕಕ್ಕೆ ಚಾಚಿದ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರು, ಅದರ ಹಿಂದಿನ ವೈರು, ಗ್ಯಾಂಟ್ರಿಯ (ಕೊರೆಯುವ ತಲೆ ಹೊತ್ತ ಅಡ್ಡ ಸೇತುವೆಯ) ಜೊತೆ ಮಡಚಿ ಬಿಚ್ಚುವ ಕೇಬಲ್ ಚೈನು, ಮೇಲೇರಿದ ಸ್ಪಿಂಡಲ್ಲು (ಕೊರೆಯುವ ಬಿಟ್ಟನ್ನು ತಿರುಗಿಸುವ ಮೋಟಾರು), ಅದಕ್ಕೆ ಕಟ್ಟಿದ ಧೂಳಿನ ಹೋಸು ಎಲ್ಲವೂ ಇದರಲ್ಲಿ ಸೇರಬೇಕು.

ಯಂತ್ರದ ಜಾತಿಯನ್ನೂ ನೋಡಬೇಕು. ಕೆಲವುಗಳಲ್ಲಿ ಹಲಗೆ ಬಿಗಿಯುವ ಮೇಜು ನಿಂತಿರುತ್ತದೆ, ಗ್ಯಾಂಟ್ರಿ ಓಡುತ್ತದೆ. 3018ರಂಥ ಚಿಕ್ಕವುಗಳಲ್ಲಿ ಗ್ಯಾಂಟ್ರಿ ನಿಂತಿರುತ್ತದೆ, ಮೇಜೇ ಹಿಂದೆ ಮುಂದೆ ಓಡುತ್ತದೆ. ಎರಡನೆಯ ಜಾತಿಯಲ್ಲಿ ಮೇಜಿನ ಮೇಲೆ ಬಿಗಿದ ಹಲಗೆ ಮೇಜಿಗಿಂತ ಉದ್ದವಿದ್ದರೆ ಅದು ಪೆಟ್ಟಿಗೆಯ ಹಿಂಗೋಡೆಗೆ ಹೋಗಿ ಗುದ್ದುತ್ತದೆ. ಸ್ಟೆಪ್ಪರ್ ಮೋಟಾರಿಗೆ ಗುದ್ದಿದ್ದು ಗೊತ್ತಾಗುವುದಿಲ್ಲ. ಹೆಜ್ಜೆ ತಪ್ಪಿ, ತಾನು ಸರಿಯಾದ ಜಾಗದಲ್ಲೇ ಇದ್ದೇನೆಂದು ನಂಬಿ ಮುಂದಿನ ಗೆರೆಯನ್ನೆಲ್ಲ ಪಕ್ಕಕ್ಕೆ ಕೊರೆಯುತ್ತಾ ಹೋಗುತ್ತದೆ.

ದರ್ಜಿ ಎದೆಯಳತೆ ತೆಗೆದುಕೊಂಡು ಅಷ್ಟಕ್ಕೇ ಅಂಗಿ ಹೊಲಿಯುವುದಿಲ್ಲ. ಕೈ ಎತ್ತಲು, ಉಸಿರೆಳೆಯಲು ಸಡಿಲ ಬಿಡುತ್ತಾನೆ. ಇಲ್ಲಿಯೂ ಸಡಿಲ ಬೇಕು, ಆದರೆ ಎಲ್ಲ ಕಡೆ ಒಂದೇ ಸಮ ಬೇಕಿಲ್ಲ. ಎಡಬಲದಲ್ಲಿ ಕೈ ತೂರಿಸಿ ಸ್ಕ್ರೂ ಬಿಗಿಯುವಷ್ಟು, ಅಂದರೆ 100 ಮಿ.ಮೀ. ಆಸುಪಾಸು. ಮುಂದೆ ಹಲಗೆ ಇಟ್ಟು ಕ್ಲ್ಯಾಂಪ್ ಹಾಕುವಷ್ಟು. ಹಿಂದೆ ಕೈ ಹೋಗುವುದು ಅಪರೂಪ, ವೈರು ಮಡಚುವಷ್ಟಿದ್ದರೆ ಸಾಕು. ಮೇಲೆ ಮಾತ್ರ ಹೋಸು ತಿರುಗುವಷ್ಟು ಬಿಡಲೇಬೇಕು. ಸುಕ್ಕುಗಟ್ಟಿದ ಪ್ಲಾಸ್ಟಿಕ್ ಹೋಸನ್ನು ತೀರಾ ಬಗ್ಗಿಸಿದರೆ ಅದು ಸ್ಪಿಂಡಲ್ಲನ್ನೇ ಎಳೆಯುತ್ತದೆ, ಕೊರೆದ ವೃತ್ತ ಮೊಟ್ಟೆಯಾಗುತ್ತದೆ.

ಕಾಗದದ ಮೇಲೆ ಒಂದು ಪೆಟ್ಟಿಗೆ

ಲೆಕ್ಕಕ್ಕಾಗಿ 600 × 400 ಮಿ.ಮೀ. ಕೊರೆಯುವ, ಗ್ಯಾಂಟ್ರಿ ಓಡುವ ಒಂದು ಯಂತ್ರವನ್ನು ಊಹಿಸಿಕೊಳ್ಳೋಣ. ಚೌಕಟ್ಟು 700 ಅಗಲ, 620 ಆಳ. ಸ್ಪಿಂಡಲ್ ಪೂರ್ತಿ ಮೇಲೇರಿದಾಗ ಎತ್ತರ 450. ಓದುಗರು ತಮ್ಮ ಯಂತ್ರದ ಅಂಕಿ ಹಾಕಿಕೊಳ್ಳಲಿ, ದಾರಿ ಒಂದೇ.

ಅಗಲ: ಚೌಕಟ್ಟು 700, ಬಲಕ್ಕೆ ಮೋಟಾರು 80, ಎಡಕ್ಕೆ ಕೇಬಲ್ ಚೈನು 60, ಎರಡೂ ಕಡೆ ಕೈಗೆ ನೂರು ನೂರು. ಒಳಗಿನ ಖಾಲಿ ಜಾಗ 1040. ಸದ್ದು ಹೀರುವ ಫೋಮ್ ಎರಡು ಕಡೆ 25, ಗೋಡೆಯ ಪ್ಲೈವುಡ್ ಎರಡು ಕಡೆ 18. ಹೊರ ಅಗಲ 1126.

ಆಳ: ಚೌಕಟ್ಟು 620, ಹಿಂದಿನ ಮೋಟಾರುಗಳು 60, ವೈರು 40, ಮುಂದೆ ಕೈಗೆ 80, ಹಿಂದೆ ಸಡಿಲ 60. ಒಳಗೆ 860. ಹಿಂದೆ ಫೋಮ್ 25, ಹಿಂಗೋಡೆ 18, ಮುಂಬಾಗಿಲು 18. ಹೊರ ಆಳ 921.

ಎತ್ತರ: ಯಂತ್ರ 450, ಹೋಸಿನ ತಿರುವು 150, ಮೇಲಿನ ಫೋಮ್ 25. ಪಕ್ಕದ ಹಲಗೆಯ ಎತ್ತರ 625. ತಳ ಮತ್ತು ಮಾಳಿಗೆಯ ಹಲಗೆ ಸೇರಿದರೆ 661.

ಈ ಚೀಟಿ ಹಿಡಿದುಕೊಂಡು ಅಂಗಡಿಗೆ ಹೊರಡುವವರು ಇನ್ನೊಂದು ಗಳಿಗೆ ಕೂರಬೇಕು. ನಮ್ಮಲ್ಲಿ ಪ್ಲೈವುಡ್, ಎಂಡಿಎಫ್ ಎರಡೂ ಸಿಗುವುದು ಎಂಟು–ನಾಲ್ಕರ ಶೀಟಿನಲ್ಲಿ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಅಂದರೆ 2440 × 1220 ಮಿ.ಮೀ. ತಳ ಮತ್ತು ಮಾಳಿಗೆ ಒಂದು ಶೀಟಿನಲ್ಲಿ ಮುಗಿಯುತ್ತವೆ. 921ರ ಎರಡು ತುಂಡು, 1842. ಉಳಿದ ನಾಲ್ಕು ಹಲಗೆ, ಅಂದರೆ ಎರಡು ಪಕ್ಕ, ಒಂದು ಹಿಂಗೋಡೆ, ಒಂದು ಬಾಗಿಲು, ಎಲ್ಲದರ ಎತ್ತರ 625. ನಾಲ್ಕನ್ನೂ ಎರಡನೆಯ ಶೀಟಿನ ಉದ್ದಕ್ಕೆ ಸಾಲಾಗಿ ಇಟ್ಟರೆ 2500. ಶೀಟಿರುವುದು 2440. ಮೊದಲ ಶೀಟಿನಲ್ಲಿ ಮಿಕ್ಕ ಪಟ್ಟಿಯ ಅಗಲ 600ಕ್ಕೂ ಕಡಿಮೆ, ಅಲ್ಲಿಯೂ ಹಿಡಿಸದು. ಕೇವಲ ಒಂದು ಬಾಗಿಲಿಗಾಗಿ ಮೂರನೆಯ ಶೀಟು ಕೊಳ್ಳಬೇಕಾಗುತ್ತದೆ.

ಎತ್ತರವನ್ನು 25 ಮಿ.ಮೀ. ತಗ್ಗಿಸಿ 600 ಮಾಡಿ ನೋಡಿ. ನಾಲ್ಕು ತುಂಡಿಗೆ 2400. ಗರಗಸದ ಬ್ಲೇಡು ಪ್ರತಿ ಕೊಯ್ತಕ್ಕೂ 3–4 ಮಿ.ಮೀ. ತಿನ್ನುತ್ತದೆ, ಅದಕ್ಕೆ 16 ಇಟ್ಟರೂ 2416. ಎರಡೇ ಶೀಟಿನಲ್ಲಿ ಪೆಟ್ಟಿಗೆ ಮುಗಿಯಿತು. ಆ 25 ಮಿ.ಮೀ. ಎಲ್ಲಿಂದ ತರುವುದು? ಹೋಸಿನ ತಿರುವಿಗಿಟ್ಟ 150ರಿಂದ. ಹೋಸನ್ನು ಒಳಗೇ ಬಗ್ಗಿಸುವ ಬದಲು ಮಾಳಿಗೆಯಲ್ಲಿ ತೂತು ಮಾಡಿ ನೇರ ಮೇಲಕ್ಕೆ ಒಯ್ದರೆ 125 ಧಾರಾಳವಾಯಿತು. ಹಲಗೆಯ ಮಾತು ಕೇಳಿ ವಿನ್ಯಾಸ ತಿದ್ದುವುದು ಅಂದರೆ ಇದೇ. ನಮ್ಮ ಬಡಗಿಗಳು ಇದನ್ನು ತಲೆಯಲ್ಲೇ ಮಾಡುತ್ತಾರೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ನಾವು ಮರೆಯುತ್ತೇವೆ, ಏಕೆಂದರೆ ಪರದೆಯ ಮೇಲೆ ಹಲಗೆಗೆ ಕೊನೆಯೇ ಇಲ್ಲ.

ಅಳತೆ ಹೇಳುವಾಗ ಇನ್ನೊಂದು ಎಚ್ಚರ. ಚೆನ್ನೈನ ಆಚಾರಿಗಳು ಅಡಿ, ಇಂಚು, ನೂಲಿನಲ್ಲಿ ಮಾತಾಡುತ್ತಾರೆ. ಒಂದು ನೂಲು ಇಂಚಿನ ಎಂಟನೇ ಒಂದು ಪಾಲು, 3.175 ಮಿ.ಮೀ. ಚಿಕ್ಕ ರೌಟರುಗಳ ಬಿಟ್ಟಿನ ಕಾಂಡವೂ ಸರಿಯಾಗಿ ಅಷ್ಟೇ ದಪ್ಪ. ‘ಒಂದು ನೂಲು ಆಚೀಚೆ’ ಬೀರುವಿಗೆ ನಡೆಯುತ್ತದೆ. ಸದ್ದು ತಡೆಯುವ ಬಾಗಿಲಿಗೆ ನಡೆಯುವುದಿಲ್ಲ. ಚೀಟಿಯನ್ನು ಮಿಲಿಮೀಟರಿನಲ್ಲಿ ಬರೆದುಕೊಟ್ಟು, ಅಂಗಡಿಯ ಪ್ಯಾನೆಲ್ ಗರಗಸದಲ್ಲೇ ಸೈಜ್ ಕಟಿಂಗ್ ಮಾಡಿಸುವುದು ಲೇಸು. 18 ಎಂದು ಕೊಟ್ಟ ಹಲಗೆ ನಿಜಕ್ಕೂ ಎಷ್ಟಿದೆ ಎಂದು ಮೊದಲು ವರ್ನಿಯರ್ ಇಟ್ಟು ನೋಡಬೇಕು.

ಮನೆಯೂ ಒಂದು ಪೆಟ್ಟಿಗೆಯೇ

ಕಟ್ಟಿದ ಪೆಟ್ಟಿಗೆ ಕೋಣೆಯೊಳಗೆ ಹೋಗಬೇಕಲ್ಲ? ಫ್ಲ್ಯಾಟುಗಳ ಮಲಗುವ ಕೋಣೆಯ ಬಾಗಿಲು ಸಾಮಾನ್ಯವಾಗಿ ಮೂರಡಿ, ಚೌಕಟ್ಟು ಕಳೆದರೆ ಇನ್ನೂ ಕಿರಿದು. 921 ಮಿ.ಮೀ. ಆಳದ ಪೆಟ್ಟಿಗೆ ನಿಲ್ಲಿಸಿದಂತೆಯೇ ಅಲ್ಲಿ ತೂರದು. ಅದನ್ನು ಓರೆ ಮಾಡಿ ಒಯ್ಯೋಣವೆಂದರೆ 18 ಮಿ.ಮೀ. ಎಂಡಿಎಫ್‌ನಲ್ಲಿ ತೂಕ 60 ಕೆ.ಜಿ. ದಾಟುತ್ತದೆ, ಪ್ಲೈವುಡ್ಡಿನಲ್ಲಿ 50ರ ಹತ್ತಿರ. ಆದ್ದರಿಂದ ಗೋಂದು ಹಾಕಿ ಅಂಟಿಸದೆ, ಬೋಲ್ಟ್ ಹಾಕಿ ಬಿಚ್ಚಿ ಜೋಡಿಸುವ ಹಾಗೆ ಮಾಡುವುದೇ ಜಾಣತನ. ಬಾಡಿಗೆ ಮನೆಯವರಿಗಂತೂ ಇದು ಕಡ್ಡಾಯ.

ನೆಲದ ಬಗ್ಗೆ ಭಯ ಬೇಡ. ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರಕ್ಕೆ ವಿನ್ಯಾಸ ಮಾಡಬೇಕೆಂದು ಐಎಸ್ 875 ಮಾನಕ ಹೇಳುತ್ತದೆ. ಪೆಟ್ಟಿಗೆ, ಯಂತ್ರ, ಮೇಜು ಎಲ್ಲ ಸೇರಿದರೂ ಅಷ್ಟಾಗುವುದಿಲ್ಲ.

ಬಾಲ್ಕನಿಯ ಆಸೆ ಎಲ್ಲರಿಗೂ ಬರುತ್ತದೆ: ಧೂಳು ಹೊರಗೇ ಹೋಗಲಿ ಎಂದು. ನಾಲ್ಕಡಿ ಅಗಲದ ಬಾಲ್ಕನಿಯಲ್ಲಿ 921 ಆಳದ ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿದರೆ ಅದರ ಮುಂದೆ ಉಳಿಯುವುದು 30 ಸೆಂ.ಮೀ. ಅಷ್ಟರಲ್ಲಿ ಮನುಷ್ಯ ನಿಂತು ಬಾಗಿಲು ತೆರೆಯುವಂತಿಲ್ಲ. ಪೆಟ್ಟಿಗೆಯನ್ನು ಬಾಲ್ಕನಿಯ ಕೊನೆಗೆ ಒಯ್ದು, ಮುಖ ಉದ್ದಕ್ಕೆ ತಿರುಗಿಸಿದರೆ 1126 ಅಗಲ 1220ರಲ್ಲಿ ಕೂರುತ್ತದೆ. ಕಾಗದದಲ್ಲಿ ಕೂರುತ್ತದೆ, ಸರಿ. ಆದರೆ ಬಾಲ್ಕನಿಯ ಸದ್ದು ಇಡೀ ಓಣಿಗೆ ಕೇಳುತ್ತದೆ, ಮಳೆ ಓರೆಯಾಗಿ ಹೊಡೆಯುತ್ತದೆ, ಬೀಚಿನ ಕಡೆಯ ಮನೆಯಾದರೆ ಉಪ್ಪುಗಾಳಿ ಬೇರೆ. ಒಳಕೋಣೆಯ ಒಂದು ಮೂಲೆಯೇ ವಾಸಿ.

ಉದ್ದದ ಹಲಗೆಯ ಪ್ರಶ್ನೆ ಇಲ್ಲೇ ಬರುತ್ತದೆ. ಗೊಂಬೆಯ ಮೆಟ್ಟಿಲಿಗೆ ನಾಲ್ಕೈದು ಅಡಿ ಹಲಗೆ ಬೇಕು. ಅದನ್ನು ಭಾಗ ಭಾಗವಾಗಿ ಸರಿಸುತ್ತಾ ಕೊರೆಯಬಹುದು, ಪೆಟ್ಟಿಗೆಯ ಮುಂದೆ ಹಿಂದೆ ಯಂತ್ರದ ಮೇಜಿನ ಮಟ್ಟಕ್ಕೆ ಸೀಳುಗಂಡಿ ಇದ್ದರೆ. ಆದರೆ ಪೆಟ್ಟಿಗೆಯ ಬೆನ್ನು ಗೋಡೆಗೆ ತಾಗಿದ್ದರೆ ಹಿಂದಿನ ಗಂಡಿ ಇದ್ದೂ ಇಲ್ಲದ ಹಾಗೆ. ಅಂಥ ಕೆಲಸ ವರ್ಷಕ್ಕೊಮ್ಮೆ ಬರುವುದಾದರೆ ಗಂಡಿಯ ಗೋಜಿಗೆ ಹೋಗದೆ, ಆ ದಿನ ಹಿಂಗೋಡೆಯ ಬೋಲ್ಟ್ ಬಿಚ್ಚುವುದು ಸುಲಭ.

ಕೋಡಂಬಾಕ್ಕಂ ಕಲಿಸಿದ ಪಾಠ

1950–60ರ ದಶಕಗಳಲ್ಲಿ ಕನ್ನಡ ಚಿತ್ರಗಳು ಹೆಚ್ಚಾಗಿ ತಯಾರಾಗುತ್ತಿದ್ದದ್ದು ಇದೇ ಮದ್ರಾಸಿನ ಕೋಡಂಬಾಕ್ಕಂ ಸುತ್ತಿನ ಸ್ಟುಡಿಯೊಗಳಲ್ಲಿ. ಮಾತಿನ ಚಿತ್ರ ಬಂದಾಗ ಇಡೀ ಜಗತ್ತಿನ ಸ್ಟುಡಿಯೊಗಳಿಗೆ ಒಂದು ತಲೆನೋವು ಶುರುವಾಗಿತ್ತು: ಕ್ಯಾಮೆರಾದ ಗರಗರ ಸದ್ದು ಮೈಕಿಗೆ ಬೀಳುವುದು. ಅದಕ್ಕೆ ಹುಡುಕಿದ ಉಪಾಯ ‘ಬ್ಲಿಂಪ್’, ಕ್ಯಾಮೆರಾದ ಸುತ್ತ ಭಾರವಾದ, ಸಂದಿಲ್ಲದ, ಒಳಗೆ ಮೆತ್ತೆ ಹಾಸಿದ ಕವಚ. ರೌಟರಿನ ಪೆಟ್ಟಿಗೆಗೂ ಬೇಕಾದದ್ದು ಅದೇ ಮೂರು ಗುಣ: ಭಾರ, ಬಿಗಿ, ಮೆತ್ತೆ.

ಭಾರ ಸದ್ದನ್ನು ತಡೆಯುತ್ತದೆ. ಗೋಡೆಯ ತೂಕ ಇಮ್ಮಡಿಸಿದರೆ ದಾಟುವ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ ಎಂಬುದು ಭೌತಶಾಸ್ತ್ರದ ಲೆಕ್ಕ. ಮೆತ್ತೆ ಒಳಗೆ ಪ್ರತಿಧ್ವನಿಸುವುದನ್ನು ಹೀರುತ್ತದೆ, ಅಷ್ಟೇ. ಬರೀ ಮೊಟ್ಟೆ ಟ್ರೇಯಂಥ ಫೋಮ್ ಅಂಟಿಸಿದ ತೆಳು ಡಬ್ಬ ಸದ್ದು ನಿಲ್ಲಿಸದು. ಆದರೆ ಎಲ್ಲಕ್ಕಿಂತ ದೊಡ್ಡದು ಬಿಗಿ. ಗೋಡೆಯ ನೂರನೇ ಒಂದು ಪಾಲು ತೆರೆದಿದ್ದರೂ ಸಾಕು, ಗೋಡೆ ಎಷ್ಟೇ ದಪ್ಪವಿರಲಿ, 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ನಮ್ಮ ಲೆಕ್ಕದ ಬಾಗಿಲಿನ ಸುತ್ತ 5 ಮಿ.ಮೀ. ಸಂದು ಬಿಟ್ಟರೆ ಅದು 170 ಚದರ ಸೆಂ.ಮೀ. ಆಗುತ್ತದೆ, ಬಾಗಿಲಿನ ನೂರಕ್ಕೆ ಎರಡೂವರೆ ಪಾಲು! ಸಾವಿರಾರು ರೂಪಾಯಿಯ ದಪ್ಪ ಹಲಗೆಗಿಂತ ನೂರಿನ್ನೂರು ರೂಪಾಯಿಯ ರಬ್ಬರ್ ಬೀಡಿಂಗ್ ಹೆಚ್ಚು ಕೆಲಸ ಮಾಡುವುದು ಹೀಗೆ. ಆ ಬೀಡಿಂಗಿನ ದಪ್ಪವನ್ನೂ ಬಾಗಿಲಿನ ಅಳತೆಯಲ್ಲಿ ಮೊದಲೇ ಕಳೆಯಬೇಕು.

ನಮ್ಮ ದೇಶದ ಶಬ್ದ ಮಾಲಿನ್ಯ ನಿಯಮಗಳು (2000) ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ. ನಿಮಿಷಕ್ಕೆ 30,000 ಸುತ್ತು ತಿರುಗುವ ಟ್ರಿಮ್ ರೌಟರ್ ಗಟ್ಟಿಮರ ಕೊರೆಯುವಾಗ ಪಕ್ಕದಲ್ಲಿ 90 ಡೆಸಿಬೆಲ್ ಆಸುಪಾಸು ಮುಟ್ಟುವುದುಂಟು. ಪೆಟ್ಟಿಗೆ 25 ಡೆಸಿಬೆಲ್ ತಡೆದರೂ ಅದು ಮನೆಯೊಳಗಿನ ಜೋರು ಮಾತಿನ ಮಟ್ಟ. ಗೋಡೆ ದಾಟುವಷ್ಟರಲ್ಲಿ ಇನ್ನೂ ಇಳಿಯುತ್ತದೆ. ಆದರೆ ಕೆಳಮನೆಗೆ ಹೋಗುವ ಸದ್ದು ಗಾಳಿಯಲ್ಲಿ ಹೋಗುವುದಿಲ್ಲ. ಮೇಜಿನ ಕಾಲಿನಿಂದ ಸ್ಲ್ಯಾಬಿಗೆ ಇಳಿಯುತ್ತದೆ. ಮೇಜಿನ ಕಾಲಡಿಯಲ್ಲಿ ದಪ್ಪ ರಬ್ಬರ್, ಯಂತ್ರದ ಅಡಿಯಲ್ಲಿ ಇನ್ನೊಂದು ರಬ್ಬರ್ ಹಾಸು ಹಾಕದಿದ್ದರೆ ಪೆಟ್ಟಿಗೆ ಎಷ್ಟು ಚೆನ್ನಾಗಿದ್ದರೂ ಮಾಮಿ ಮತ್ತೆ ಬರುತ್ತಾರೆ. ಆ ಹಾಸಿನ 10–15 ಮಿ.ಮೀ. ಎತ್ತರವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಗಾಳಿಗೊಂದು ದಾರಿ

ಬಿಗಿಯಾಗಿ ಮುಚ್ಚಿದರೆ ಇನ್ನೊಂದು ಕಷ್ಟ. ಸ್ಪಿಂಡಲ್ಲಿಗೆ ಕೊಟ್ಟ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗಿ ಪೆಟ್ಟಿಗೆಯೊಳಗೇ ಉಳಿಯುತ್ತದೆ. ಸದ್ದು ತಡೆಯುವ ಫೋಮ್ ಬಿಸಿಯನ್ನೂ ತಡೆಯುತ್ತದೆ. 500 ವ್ಯಾಟ್ ಸತತವಾಗಿ ಸುರಿದರೆ, ಒಳಗಿನ ತಾಪ ಹೊರಗಿಗಿಂತ ಐವತ್ತು ಡಿಗ್ರಿಗೂ ಹೆಚ್ಚು ಏರುವವರೆಗೆ ಗೋಡೆಗಳು ಅಷ್ಟು ಶಾಖವನ್ನು ಹೊರಹಾಕಲಾರವು. ‘ಕತ್ತರಿ ಬಿಸಿಲು’ ಎಂದು ಇಲ್ಲಿಯವರು ಹೆಸರಿಟ್ಟ ಮೇ ತಿಂಗಳ ಉರಿಯಲ್ಲಿ ಚೆನ್ನೈಯ ಹೊರಗಿನ ತಾಪವೇ 40ರ ಹತ್ತಿರ ಇರುವಾಗ ಒಳಗಿನ ಸ್ಥಿತಿ ಊಹಿಸಿಕೊಳ್ಳಿ.

ಒಳಗಿನ ಏರಿಕೆಯನ್ನು 10 ಡಿಗ್ರಿಗೆ ಹಿಡಿಯಬೇಕಾದರೆ ಗಂಟೆಗೆ 150 ಘನ ಮೀಟರಿನಷ್ಟು ಗಾಳಿ ಹಾಯಬೇಕು. ಧೂಳೆಳೆಯುವ ಒಳ್ಳೆಯ ವ್ಯಾಕ್ಯೂಮ್ ಇದರ ದೊಡ್ಡ ಪಾಲನ್ನು ತಾನೇ ಮಾಡುತ್ತದೆ, ಒಳಗೆ ಬರುವ ಗಾಳಿಗೆ ದಾರಿ ಇದ್ದರೆ ಮಾತ್ರ. ಆ ದಾರಿ 13 × 13 ಸೆಂ.ಮೀ. ಕಿಂಡಿಯಷ್ಟಿರಬೇಕು. ಕಿಂಡಿ ನೇರವಾಗಿದ್ದರೆ ಸದ್ದೂ ನೇರವಾಗಿ ಹೊರಬರುತ್ತದೆ. ಹಾಗಾಗಿ ಒಳಗೆ ಫೋಮ್ ಹಾಸಿದ, ಎರಡು ಮೂರು ತಿರುವಿನ ಮರದ ಗೂಡು ಕಟ್ಟಬೇಕು. ಗಾಳಿ ತಿರುಗಿ ಬರುತ್ತದೆ, ಸದ್ದು ಗೋಡೆಗೆ ಬಡಿದು ಬಡಿದು ಸೋಲುತ್ತದೆ. ಈ ಗೂಡು ಪೆಟ್ಟಿಗೆಯ ಹಿಂದೆಯೋ ಪಕ್ಕಕ್ಕೋ 100–150 ಮಿ.ಮೀ. ಚಾಚುತ್ತದೆ. ಮೊದಲ ಚೀಟಿಯಲ್ಲಿ ಬಹಳ ಮಂದಿ ಬರೆಯದೆ ಬಿಡುವ ಅಂಕಿ ಇದೇ.

ಧೂಳನ್ನು ಬರೀ ಕಸ ಎಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. ಎಂಡಿಎಫ್‌ನ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಕೂಡ ಇರುತ್ತದೆ. ಕೊರೆದ ತಕ್ಷಣ ಬಾಗಿಲು ತೆರೆಯದೆ, ಸ್ಪಿಂಡಲ್ ನಿಂತ ಮೇಲೂ ವ್ಯಾಕ್ಯೂಮನ್ನು ಸ್ವಲ್ಪ ಹೊತ್ತು ಓಡಲು ಬಿಡಬೇಕು. ಪೆಟ್ಟಿಗೆ ಇದೆಯೆಂದು ಮುಖಗವಸು ಬಿಡುವಂತಿಲ್ಲ.

ಇನ್ನು ಬೆಂಕಿ. ಮೊಂಡಾದ ಬಿಟ್ಟು ಒಂದೇ ಜಾಗದಲ್ಲಿ ಉಜ್ಜಿದರೆ ಮರ ಹೊಗೆಯಾಡುತ್ತದೆ, ಕಿಡಿಯೂ ಹುಟ್ಟಬಹುದು. ಆ ಕಿಡಿಯನ್ನು ವ್ಯಾಕ್ಯೂಮ್ ನೇರ ಪುಡಿಯ ಚೀಲಕ್ಕೆ ಎಳೆದೊಯ್ಯುತ್ತದೆ. ಸಾಮಾನ್ಯ ಫೋಮ್ ಕೂಡ ಚೆನ್ನಾಗಿ ಉರಿಯುವ ವಸ್ತು, ಬೆಂಕಿ ತಡೆಯುವ ಬಗೆಯದನ್ನೇ ಕೇಳಿ ತರಬೇಕು. ಕಂಟ್ರೋಲರ್, ಪವರ್ ಸಪ್ಲೈ, ಎಮರ್ಜೆನ್ಸಿ ಸ್ಟಾಪ್ ಗುಂಡಿ ಎಲ್ಲ ಪೆಟ್ಟಿಗೆಯ ಹೊರಗಿರಲಿ. ಇದರಿಂದ ಒಳಗಿನ ಅಗಲವೂ ಉಳಿಯುತ್ತದೆ. ಕಿಟಕಿಗೆ ಅಕ್ರಿಲಿಕ್‌ಗಿಂತ ಪಾಲಿಕಾರ್ಬೊನೇಟ್ ಮೇಲು. ಮುರಿದ ಬಿಟ್ಟಿನ ಚೂರು ಸಿಡಿದರೆ ಅಕ್ರಿಲಿಕ್ ಸೀಳುತ್ತದೆ, ಪಾಲಿಕಾರ್ಬೊನೇಟ್ ತಡೆದುಕೊಳ್ಳುತ್ತದೆ. ಬಾಗಿಲು ತೆರೆದೊಡನೆ ಯಂತ್ರ ನಿಲ್ಲುವಂತೆ ಒಂದು ಸ್ವಿಚ್ಚು ಹಾಕಿದರೆ ಜಿಆರ್‌ಬಿಎಲ್ ಅದನ್ನು ಅರ್ಥಮಾಡಿಕೊಳ್ಳುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ಇರಲೇಬೇಕು.

ಮದ್ರಾಸಿನ ಹವೆಗೆ ತಕ್ಕ ಹಲಗೆ

ಸದ್ದಿಗೆ ಎಂಡಿಎಫ್ ಒಳ್ಳೆಯದು, ಭಾರವಿದೆ. ಆದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತ ಸುರಿಯುವ ಊರಿನಲ್ಲಿ ಅದರ ಅಂಚು ನೀರು ಕುಡಿದು ಉಬ್ಬುತ್ತದೆ. ಬಾಗಿಲು ಸಿಕ್ಕಿಕೊಳ್ಳುತ್ತದೆ, ಬೀಡಿಂಗು ಕೂರುವುದಿಲ್ಲ. ತೇವ ತಡೆಯುವ ಎಚ್‌ಡಿಎಚ್‌ಎಂಆರ್ ಹಲಗೆ ಅಥವಾ ಐಎಸ್ 710ರ ಮರೀನ್ ಪ್ಲೈವುಡ್ ದುಬಾರಿಯಾದರೂ ಇಲ್ಲಿಗೆ ತಕ್ಕದ್ದು. ಯಾವುದೇ ಹಲಗೆಯಾದರೂ ಕೊಯ್ದ ಅಂಚಿಗೆ ವಾರ್ನಿಷ್ ಹಚ್ಚಿ ಮುಚ್ಚಬೇಕು. ಮುಚ್ಚಿದ ಪೆಟ್ಟಿಗೆಯೊಳಗೆ ತೇವ ನಿಂತರೆ ಸ್ಕ್ರೂ, ರೈಲುಗಳು ತುಕ್ಕು ಹಿಡಿಯುತ್ತವೆ. ಕೆಲಸ ಮುಗಿದ ಮೇಲೆ ಗಾಳಿಯ ಕಿಂಡಿ ತೆರೆದಿಟ್ಟು, ರೈಲಿಗೆ ಎಣ್ಣೆ ಸವರಿ ಮಲಗಬೇಕು.

ನೆಲಮಹಡಿಯವರು ಮೇಜಿನ ಎತ್ತರವನ್ನೂ ಯೋಚಿಸಲಿ. 2015ರ ಡಿಸೆಂಬರಿನ ಮಹಾಪ್ರವಾಹವನ್ನೂ 2023ರ ಮಿಚಾಂಗ್ ಚಂಡಮಾರುತವನ್ನೂ ಕಂಡ ಊರಿದು. ಪೆಟ್ಟಿಗೆ ಕೂರುವ ಮೇಜು ಅಡುಗೆ ಕಟ್ಟೆಯ ಮಟ್ಟಕ್ಕೆ, ಸುಮಾರು 850 ಮಿ.ಮೀ. ಇದ್ದರೆ ಬೆನ್ನಿಗೂ ಸುಖ, ನೀರಿನಿಂದಲೂ ದೂರ. ಪವರ್ ಸಪ್ಲೈಯನ್ನು ಮೇಜಿನಡಿ ನೆಲದ ಮೇಲೆ ಇಡುವ ಚಾಳಿ ಮಾತ್ರ ಬೇಡ.

ಮೊದಲು ರಟ್ಟು, ಆಮೇಲೆ ಮರ

ಪ್ಲೈವುಡ್ ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ, ಅದಕ್ಕೆ ಖರ್ಚಿಲ್ಲ. ಫ್ರಿಜ್ಜಿನದೋ ವಾಷಿಂಗ್ ಮೆಷಿನ್ನಿನದೋ ರಟ್ಟಿನ ಡಬ್ಬ ತಂದು, ಚೀಟಿಯಲ್ಲಿರುವ ಒಳ ಅಳತೆಗೆ ಮೂರು ಗೋಡೆ ಕತ್ತರಿಸಿ ಯಂತ್ರದ ಸುತ್ತ ನಿಲ್ಲಿಸಿ. ಸ್ಪಿಂಡಲ್ ಬಂದ್ ಇರಲಿ, ಬಿಟ್ಟು ತೆಗೆದಿರಲಿ. ಯಂತ್ರವನ್ನು ನಾಲ್ಕು ಮೂಲೆಗೂ ಮೇಲಿನ ತುದಿಗೂ ಓಡಿಸಿ. ಹೋಸು, ಕೇಬಲ್ ಎಲ್ಲಿ ತಾಗುತ್ತದೆ ನೋಡಿ. ಯಂತ್ರವನ್ನು ನಿಲ್ಲಿಸಿ ಒಳಗೆ ಕೈ ಹಾಕಿ ಬಿಟ್ಟು ಬದಲಿಸಿ, ಹಲಗೆ ಬಿಗಿದು ನೋಡಿ, ಪುಡಿ ಗುಡಿಸಿ ನೋಡಿ. ಬಾಗಿಲು ತೆರೆದಾಗ ನೀವು ಎಲ್ಲಿ ನಿಲ್ಲುತ್ತೀರಿ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಒಂದು ಭಾನುವಾರ ಸಾಕು.

ನಾಳೆ ದೊಡ್ಡ ಯಂತ್ರ ಕೊಂಡರೆ ಎಂದು ಈಗಲೇ ದೊಡ್ಡ ಪೆಟ್ಟಿಗೆ ಕಟ್ಟುವ ಮೋಹ ಬೇಡ. ದೊಡ್ಡ ಪೆಟ್ಟಿಗೆಗೆ ಹೆಚ್ಚು ಹಲಗೆ, ಹೆಚ್ಚು ಸಂದು, ಹೆಚ್ಚು ಜಾಗ. ಬೋಲ್ಟ್ ಹಾಕಿ ಕಟ್ಟಿದ್ದರೆ ನಾಳೆಯ ಯಂತ್ರಕ್ಕೆ ಎರಡು ಹಲಗೆ ಬದಲಿಸಬಹುದು. ಇಂದಿನ ಯಂತ್ರಕ್ಕೆ, ಇಂದಿನ ಕೋಣೆಗೆ, ಎರಡು ಶೀಟಿಗೆ ಒಗ್ಗುವ ಪೆಟ್ಟಿಗೆಯೇ ಸರಿಯಾದ ಪೆಟ್ಟಿಗೆ. ಅದನ್ನು ಕಟ್ಟಿ ಮುಗಿಸಿದ ಮೇಲೆ ಕೆಳಮನೆಗೂ ಪಕ್ಕದ ಮನೆಗೂ ಹೋಗಿ, ಯಾವ ಹೊತ್ತಿನಲ್ಲಿ ಯಂತ್ರ ಓಡಿಸಿದರೆ ಅವರಿಗೆ ತೊಂದರೆಯಿಲ್ಲ ಎಂದು ಕೇಳಿಬನ್ನಿ. ಯಾವ ಹಲಗೆಯೂ ತಡೆಯದಷ್ಟು ಜಗಳವನ್ನು ಆ ಒಂದು ಮಾತು ತಡೆಯುತ್ತದೆ.